ಎಲ್ಲಾ ಮ್ಯಾಚೂ ಸೋತ ಕ್ಯಾಪ್ಟನ್

ಮಹಾಜನಗಳೇ, ಕೇಳಿ. ಇವತ್ತು ಕೊಟ್ಟಿಗೆಹಾರದ ಎಸ್ಟೇಟ್ ಆಫೀಸಿನಲ್ಲಿ ನನ್ನ ತಂಗಿಯ ಮಗಳು ಸುಮಾಳಿಗೆ ಕೆಲಸದ ಸಂದರ್ಶನ. ಜೊತೆಗೆ ಹೋದ ನಾನು ಬಾಗಿಲ ಹೊರಗಿನ ಬೆಂಚಿನಲ್ಲಿ ಕಿವಿ ನಿಮಿರಿಸಿ ಕೂತಿದ್ದೆ.

ಬಯೋಡೇಟಾ ಓದಿದ ಮ್ಯಾನೇಜರು ನಕ್ಕುಬಿಟ್ಟರು. "ಕಾಲೇಜ್ ಥ್ರೋಬಾಲ್ ಕ್ಯಾಪ್ಟನ್, ಆಡಿದ ಮ್ಯಾಚೆಲ್ಲಾ ಸೋಲು. ಇದನ್ನ ಯಾರಾದ್ರೂ ಬರೀತಾರಾ ಮಾರಾಯ್ತಿ?"

"ಸಂಜೆ ಪ್ರಾಕ್ಟೀಸಿಗೆ ನಿಂತ್ರೆ ಬಾಳೂರು ಕಡೆ ಹುಡುಗೀರಿಗೆ ಕೊನೆ ಬಸ್ ತಪ್ತಿತ್ತು ಸರ್. ಅದಕ್ಕೇ ಅವರ್ಯಾರೂ ಟೀಮಿಗೆ ಬರ್ತಿರ್ಲಿಲ್ಲ. ನಾನು ಪ್ರಾಕ್ಟೀಸನ್ನ ಮಧ್ಯಾಹ್ನ ಊಟದ ಹೊತ್ತಿಗೆ ಇಡ್ಸಿ ಅವರನ್ನೆಲ್ಲ ಸೇರಿಸ್ದೆ. ಸೋತ್ವಿ, ನಿಜ. ಆದ್ರೆ ಒಬ್ಬಳೂ ಟೀಮ್ ಬಿಡ್ಲಿಲ್ಲ."

ಒಳಗೆ ಕುರ್ಚಿ ಸರಿದ ಸದ್ದು. ಆಮೇಲೆ ಮ್ಯಾನೇಜರ ದನಿ, "ಸೋಮವಾರದಿಂದ ಬನ್ನಿ."

ರಂಗದ ಮೇಲೆ ಎಷ್ಟೋ ಸಲ ಮಹಾರಾಜನಾಗಿ ಗುಡುಗಿದ ನಟ ನಾನು. ಇವತ್ತು ಚಪ್ಪಾಳೆ ತಟ್ಟದೆ ಸುಮ್ಮನೆ ಕೂತದ್ದೇ ನನ್ನ ಅತಿ ಕಷ್ಟದ ಅಭಿನಯ.