ಗೋಡೆಯ ಮೇಲಿನ ರಾಕ್ಷಸ

ಕೊಣ್ಣೂರಿನ ಸೇತುವೆಗೆ ಮೊದಲೇ ಕುರಿಹಿಂಡು ಅಡ್ಡ ಬಂದು ಕಾರು ನಿಂತಿತು. ಹಿಂದಿನ ಸೀಟಿನಲ್ಲಿದ್ದ, ಕಾಲೇಜು ಓದುವ ನನ್ನ ಮಗಳಿಗೆ ನರಗುಂದದಿಂದಲೂ ಒಂದೇ ಆಟ. ಮೊಬೈಲನ್ನು ಕಿಟಕಿಗೆ ಹಿಡಿದರೆ ಹೊರಗಿನ ಮರ, ಗೋಡೆಗಳ ಮೇಲೆಲ್ಲ ರಾಕ್ಷಸರು ಕೂತಂತೆ ಪರದೆಯಲ್ಲಿ ಕಾಣುತ್ತಾರೆ, ಬೆರಳೊತ್ತಿ ಕೊಲ್ಲಬೇಕು. ಈಗ ಅವಳ ಗುರಿ ರಸ್ತೆ ಬದಿಯ ಅರೆಬಿದ್ದ ಮಣ್ಣಿನ ಗೋಡೆ.

ಮೊಬೈಲ್ ಕಂಡದ್ದೇ ತಗಡಿನ ಶೆಡ್ಡಿನಿಂದ ಹೆಂಗಸೊಬ್ಬಳು ಓಡಿಬಂದಳು. ಸೆರಗು ಸರಿಮಾಡಿಕೊಂಡು, ಆಧಾರ್ ಕಾರ್ಡನ್ನು ಎದೆಗೆ ಹಿಡಿದು, ಆ ಗೋಡೆಯ ಮುಂದೆ ನೆಟ್ಟಗೆ ನಿಂತಳು.

"ಹೊಳಿ ಬಂದು ಮನಿ ಬಿದ್ದವರನ್ನ ಹಿಂಗ ನಿಂದ್ರಿಸಿ ಫೋಟೋ ಹೊಡಿತಾರ್ರಿ," ಎಂದ ಡ್ರೈವರ್. "ನಿಮ್ಮನ್ನ ಪರಿಹಾರದ ಸಾಹೇಬ್ರು ಅಂತ ತಿಳ್ಕೊಂಡಾಳ."

"ಗ್ವಾಡಿ ಪೂರಾ ಬಂತೇನ್ರಿ ಮೇಡಂ?" ಹೆಂಗಸು ಕೂಗಿ ಕೇಳಿದಳು.

ಪರದೆಯಲ್ಲಿ ರಾಕ್ಷಸ ಅವಳ ಹೆಗಲ ಮೇಲೆ ಹಲ್ಲು ಕಿರಿಯುತ್ತಿದ್ದ. ಮಗಳಿಗೆ ಮೊಬೈಲ್ ಇಳಿಸಲೂ ಅಂಜಿಕೆ. ನಿಜ ಹೇಳೋಣವೆಂದು ನಾನು ಗಾಜು ಇಳಿಸುವಷ್ಟರಲ್ಲಿ ಆ ಹೆಂಗಸು ಓಣಿಯತ್ತ ತಿರುಗಿದ್ದಳು.

"ಶಾಂತವ್ವಾ, ಲಗೂ ಬಾ! ಫೋಟೋದವ್ರು ಬಂದಾರ!"

ನೋಡನೋಡುತ್ತ ಜನ ಬಂದರು. ತಮ್ಮ ತಮ್ಮ ಗೋಡೆಯ ಮುಂದೆ ಕಾರ್ಡು ಹಿಡಿದು, ಅಲುಗಾಡದೆ ನಿಂತರು. ಗೋಡೆಯೂ ಉಳಿಯದ ಮುದುಕನೊಬ್ಬ ಅತ್ತಿತ್ತ ನೋಡಿ, ಬರೀ ನೆಲದ ಮೇಲೆ ನಿಂತುಕೊಂಡ.