ನಡೆಗಲ್ಲಯ್ಯನ ಮಗಳು

ಭೂಮಿಯನ್ನು ಉಳುವವರು, ಮಾರುವವರು, ಅದಕ್ಕಾಗಿ ಬಡಿದಾಡುವವರು ಎಲ್ಲ ಕಾಲಕ್ಕೂ ಇದ್ದಾರೆ. ಆದರೆ ಬಡಿದಾಡುವ ಇಬ್ಬರ ನಡುವಿನ ಬದುವಿನ ಮೇಲೆ ನಿಂತು, ಇವರದು ಇಲ್ಲಿಗೆ ಮುಗಿಯಿತು, ಅವರದು ಇಲ್ಲಿಂದ ಶುರು ಎಂದು ಹೇಳಿ, ಇಬ್ಬರ ಮನೆಯಲ್ಲೂ ನೀರು ಕುಡಿದು ಮರಳಬಲ್ಲ ಭೂಮಾಪಕರು ವಿರಳ. ಆ ವಿರಳರ ಸಾಲಿನಲ್ಲಿ ನಮ್ಮ ಇಲಾಖೆ ಮೊದಲು ನೆನೆಯುವುದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಅಕ್ಕನವರನ್ನು. ಜವಾನನಿಂದ ಮೇಲಧಿಕಾರಿಯವರೆಗೆ ಎಲ್ಲರಿಗೂ ಅವರು ಅಕ್ಕನೇ. ಅವರ ಅಭಿನಂದನ ಗ್ರಂಥಕ್ಕೆ ಬರೆಯುವ ಭಾಗ್ಯ ನನ್ನ ಪಾಲಿಗೆ ಬಂದಿದೆಯೆಂದು ತಿಳಿದಂದಿನಿಂದ ನಾನು ಕೂತಲ್ಲಿ ಕೂತಿಲ್ಲ. ಅವರೊಡನೆ ಬಿಸಿಲಲ್ಲಿ ಅಳತೆಯ ಸರಪಳಿ ಎಳೆದ ಕಾಲುಗಳು ಈಗಲೂ ಹೊಲದ ದಾರಿ ಹಿಡಿಯಲು ತವಕಿಸುತ್ತಿವೆ!

ಅಕ್ಕನವರ ಸೇವೆಯನ್ನು ಹೇಳಲು ಹೊರಟವನು ಅವರ ತಂದೆಯಿಂದಲೇ ತೊಡಗಬೇಕು. ಆ ಹಿರಿಯರನ್ನು ಸುತ್ತಮುತ್ತಲವರೆಲ್ಲ ಕರೆಯುತ್ತಿದ್ದದ್ದು ನಡೆಗಲ್ಲಯ್ಯ ಎಂದು. ಅವರ ಹೊಲದ ಗಡಿಕಲ್ಲುಗಳಿಗೆ ಕಾಲುಗಳಿವೆ, ಒಂದೊಂದು ಮಳೆಗೂ ಪಕ್ಕದ ಹೊಲದ ಕಡೆಗೆ ಎರಡು ಹೆಜ್ಜೆ ನಡೆಯುತ್ತವೆ ಎಂಬುದು ಜನರ ಕುಹಕ. ಕುಹಕದಲ್ಲಿ ಸುಳ್ಳೇನೂ ಇರಲಿಲ್ಲ. ಹಾರೆ ಹಿಡಿದು ಕಲ್ಲು ಕೀಳುವಾಗ ಕುಡಿಯುವ ನೀರಿನ ತಂಬಿಗೆ ಹೊತ್ತು ಹಿಂದೆ ನಿಲ್ಲುತ್ತಿದ್ದವರು ಈ ಮಗಳೇ. ಕಿತ್ತ ಗುಂಡಿಯ ತಳದಲ್ಲಿ ಕರ್ರನೆಯ ಇದ್ದಿಲು ಕಾಣುತ್ತಿತ್ತು. ಮಗು ಅದನ್ನು ಗೋಡೆಯ ಮೇಲೆ ಚಿತ್ರ ಬರೆಯಲೆಂದು ಹೆಕ್ಕಹೋದರೆ ತಂದೆ ಗದರುತ್ತಿದ್ದರಂತೆ: "ಮುಟ್ಟಬೇಡ ಕಣೇ. ಹಿಂದಿನೋರು ಗುರುತಿಗೆ ಅಂತ ಹಾಕಿದ್ದು. ಅದು ಕೊಳೆಯೋದೂ ಇಲ್ಲ, ಸಾಯೋದೂ ಇಲ್ಲ."

ತಂದೆಯ ಹೆಸರು ಮಗಳಿಗಿಂತ ಮೊದಲೇ ಶಾಲೆ ಸೇರಿತ್ತು. ತರಗತಿಯಲ್ಲಿ ಯಾರ ಬಳಪ ಕಳೆದರೂ ಕಣ್ಣುಗಳೆಲ್ಲ ಅವರ ಚೀಲದ ಕಡೆಗೇ ತಿರುಗುತ್ತಿದ್ದವು. ಓದು ಮುಗಿಸಿ ಭೂಮಾಪನ ಇಲಾಖೆಗೆ ಅರ್ಜಿ ಹಾಕಿದಾಗಲಂತೂ ಬಾವಿಕಟ್ಟೆಯ ಮಾತಿಗೆ ಬರವಿರಲಿಲ್ಲ. "ಅಪ್ಪ ರಾತ್ರಿ ಕಿತ್ತಿದ್ದನ್ನ ಮಗಳು ಹಗಲು ನೆಡ್ತಾಳೆ ಬಿಡು. ಬೇಲಿನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ!" ಬೇರೆ ಯಾವ ಕೆಲಸ ಹಿಡಿದಿದ್ದರೂ ಹುಟ್ಟಿದ ಮನೆಯನ್ನು ಮರೆಸಬಹುದಿತ್ತು. ಅವರು ಆರಿಸಿಕೊಂಡದ್ದು ದಿನಬೆಳಗಾದರೆ ಅದನ್ನೇ ನೆನಪಿಸುವ ಕೆಲಸವನ್ನು.

ನಾನು ಅವರ ಕೈಕೆಳಗೆ ಸೇರಿದ ದಿನ ಮರೆಯಲಾರೆ. ನಮ್ಮಲ್ಲಿ ಹೊಸಬನನ್ನು ಕಂಡೊಡನೆ ಯಾರ ಮಗ, ಯಾರ ಪೈಕಿ ಎಂದು ಕೇಳದೆ ಬಾಯಿ ಸುಮ್ಮನಿರದು. ಹೇಳಿಕೊಳ್ಳುವಂಥ ಮನೆತನವಿಲ್ಲದ ನಾನು ಉತ್ತರವನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಅಕ್ಕನವರು ನನ್ನ ಕಾಲನ್ನೇ ನೋಡಿ, "ಚಪ್ಪಲಿ ಗಟ್ಟಿ ಇದೆಯೇನಪ್ಪಾ? ಊಟ ಆಯ್ತಾ?" ಎಂದರು. ಅಷ್ಟೇ. ಮರುದಿನ ನನ್ನ ಮೇಜಿನ ಕೆಳಗೆ ಮುಳ್ಳು ತೂರದಂಥ ದಪ್ಪ ಅಟ್ಟೆಯ ಒಂದು ಜೋಡಿ ಇತ್ತು. ಇಷ್ಟು ವರ್ಷಗಳಲ್ಲಿ ಯಾರ ಮಗನೆಂದು ಅವರು ನನ್ನನ್ನು ಕೇಳಲೇ ಇಲ್ಲ.

ಇನ್ನು ಆ ದಿನದ ಮಾತು. ನೆನೆದರೆ ಈಗಲೂ ಮೈ ನವಿರೇಳುತ್ತದೆ!

ನಡೆಗಲ್ಲಯ್ಯನವರ ಪಕ್ಕದ ಹೊಲ ಅವರ ದೊಡ್ಡಪ್ಪನ ಮಗನದು, ಎಂದರೆ ಅಕ್ಕನವರಿಗೆ ದೊಡ್ಡಪ್ಪನಾಗಬೇಕಾದವರದು. ತಮ್ಮ ಬದು ಒತ್ತಿದ್ದಾರೆಂದು ಅವರು ಅಳತೆಗೆ ಅರ್ಜಿ ಕೊಟ್ಟರು. ಸ್ವಂತದವರ ಭೂಮಿಯನ್ನು ಅಳೆಯುವಂತಿಲ್ಲವೆಂಬುದು ನಿಯಮವಾದ್ದರಿಂದ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಅಕ್ಕನವರು ರಜೆ ಹಾಕಿ, ಬರಿಯ ಮಗಳಾಗಿ ಬಂದು ನಿಂತರು. ಅಳತೆ ಕೂದಲೆಳೆಯಷ್ಟು ತಂದೆಯ ಕಡೆಗೆ ವಾಲಿದರೂ ಅಕ್ಕನವರು ಅಲ್ಲಿಯವರೆಗೆ ನೆಡಿಸಿದ ಕಲ್ಲುಗಳೆಲ್ಲ ಅನುಮಾನಕ್ಕೆ ಬೀಳುತ್ತಿದ್ದವು. ಹಿಂದಿನ ಅಳತೆಗಳಲ್ಲಿ ಸೋತವರು ಮರುಅಳತೆಗೆಂದು ಆಗಲೇ ಬದುವಿನ ಮೇಲೆ ಸಾಲಾಗಿ ಕೂತಿದ್ದರು.

ಕಲ್ಲಿದ್ದ ಜಾಗ ನೋಡಿ ದೊಡ್ಡಪ್ಪ ಕುಣಿದಾಡಿಬಿಟ್ಟರು. ಕಲ್ಲು ನಡೆಗಲ್ಲಯ್ಯನವರ ಹೊಲದೊಳಕ್ಕೇ ಬಹಳ ದೂರ ಸರಿದಿತ್ತು! "ನೋಡಿದ್ರಾ, ಕಲ್ಲು ತಾನಾಗೇ ವಾಪಸ್ ನಡ್ಕೊಂಡು ಬಂದಿದೆ! ಇನ್ನೇನು ಅಳೀತೀರಿ ಸ್ವಾಮಿ, ಬನ್ನಿ ನೆರಳಿಗೆ." ನಾನು ಬಿಡದೆ ನಕ್ಷೆ ಹಿಡಿದು, ಸರಪಳಿ ಎಳೆಸಿ ಅಳೆದೆ. ಇನ್ನೊಮ್ಮೆ ಅಳೆದೆ. ಗಡಿ ಬಿದ್ದದ್ದು ಆ ಕಲ್ಲಿಗಿಂತ ಈಚೆಗೆ, ದೊಡ್ಡಪ್ಪನ ಕಡೆಗೆ. ನಡುವಿನ ಪಟ್ಟಿ ನಡೆಗಲ್ಲಯ್ಯನವರಿಗೇ ಸೇರಬೇಕಿತ್ತು. ಗೂಟ ಹೊಡೆದು ಹಾಗೆಂದು ಹೇಳಿದೆ.

"ಅಂದ್ಕೊಂಡೆ! ಅಕ್ಕನ ಉಪ್ಪು ತಿಂದೋನು ಇನ್ನೇನು ಹೇಳ್ತಾನೆ?" ದೊಡ್ಡಪ್ಪನ ಕೂಗಿಗೆ ಬದುವಿನ ಮೇಲೆ ಕೂತವರೆಲ್ಲ ಎದ್ದು ನಿಂತರು. "ಏನೇ, ನೀನೇ ಬಾಯಿ ಬಿಡು. ಕಲ್ಲು ಎಲ್ಲಿರಬೇಕು?"

ಅಕ್ಕನವರು ಹಾರೆಯನ್ನೆತ್ತಿ ಅವರ ಕೈಗೇ ಕೊಟ್ಟರು. "ನಾನು ಹೇಳೋದು ಬೇಡ ದೊಡ್ಡಪ್ಪ. ಗೂಟದ ಕೆಳಗೆ ನೀವೇ ಅಗೀರಿ. ಮಣ್ಣು ಹೇಳುತ್ತೆ."

ದೊಡ್ಡಪ್ಪ ಸಿಟ್ಟಿನಲ್ಲೇ ಅಗೆದರು. ಮೊಣಕೈ ಆಳಕ್ಕೆ ಹೋಗುತ್ತಲೂ ಹಾರೆಯ ತುದಿ ಕಪ್ಪಗಾಯಿತು. ಬಗ್ಗಿ ನೋಡಿದರು. ಇದ್ದಿಲು! ಅವರ ಅಜ್ಜನೋ ಮುತ್ತಜ್ಜನೋ ಹಾಕಿಸಿದ ಇದ್ದಿಲು, ನಾನು ಹೊಡೆದ ಗೂಟದ ನೇರ ಕೆಳಗೆ!

ಅಕ್ಕನವರು ತಂದೆಯತ್ತ ತಿರುಗಿದರು. "ಅಪ್ಪ, ಕಲ್ಲು ಯಾವಾಗ ಕಿತ್ತೆ?"

"ನಾನೆಲ್ಲಿ ಕಿತ್ತೆ?"

"ಅಪ್ಪಾ."

ಮುದುಕರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. "ಮೊನ್ನೆ. ನಿನ್ನ ಹೆಸರಿಗೆ ಮಸಿ ಹತ್ತಬಾರದು ಅಂತ ಹಿಂದಕ್ಕೆ ಹಾಕಿದೆ ಕಣಮ್ಮ. ಅದನ್ನ ಎಷ್ಟು ಸಲ ಕಿತ್ತಿದ್ದೀನೋ, ಮೊದಲು ಎಲ್ಲಿತ್ತೋ ನನಗೇ ನೆನಪಿಲ್ಲ. ಅದಕ್ಕೇ ಒಂದಿಷ್ಟು ಜಾಸ್ತಿನೇ ಒಳಗೆ ತಂದೆ."

ಹಾರೆಯನ್ನು ಅಲ್ಲೇ ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕವರು ದೊಡ್ಡಪ್ಪನೇ. "ಅಯ್ಯೋ ನಿನ್ನ! ಜೀವಮಾನವೆಲ್ಲ ನನ್ನದನ್ನ ಕಿತ್ಕೊಂಡೆ. ಒಂದು ದಿನ ಕೊಡೋಕೆ ಬಂದ್ರೆ ಮಗಳು ಬಿಡಲಿಲ್ಲವಲ್ಲೋ!"

ಅಕ್ಕನವರು ನಗಲಿಲ್ಲ. "ಕೊಡೋದಾದ್ರೆ ಕೇಳಿ ಕೊಡು ಅಪ್ಪ. ಕಲ್ಲು ಮಾತ್ರ ಅದರ ಜಾಗದಲ್ಲಿರಲಿ" ಎಂದರು. ಅಣ್ಣತಮ್ಮಂದಿರಿಬ್ಬರೂ ಒಂದೊಂದು ಕಡೆ ಹಿಡಿದು ಆ ಕಲ್ಲನ್ನು ಇದ್ದಿಲ ಮೇಲೆ ನಿಲ್ಲಿಸಿದರು. ಮರುಅಳತೆಗೆಂದು ಬಂದವರು ಒಬ್ಬೊಬ್ಬರಾಗಿ ಕಾಗದ ಮಡಚಿ ಜೇಬಿಗಿಟ್ಟುಕೊಂಡರು. "ಎದ್ದೇಳ್ರೋ, ಸರ್ವೇಯರಮ್ಮನಿಗೆ ದಾರಿ ಬಿಡಿ" ಎಂದು ಎಲ್ಲರಿಗಿಂತ ಮೊದಲು ಅವರನ್ನು ಹಾಗೆ ಕರೆದವರೂ ಆ ದೊಡ್ಡಪ್ಪನೇ.

ಮುಂದಿನದು ಇನ್ನೂ ಸೊಗಸು. ಹಾವಿನ ಹೆಜ್ಜೆ ಹಾವೇ ಬಲ್ಲುದಷ್ಟೆ? ಆ ಸುಗ್ಗಿಯ ನಂತರ ನಡೆಗಲ್ಲಯ್ಯನವರು ಕೋಲೂರಿಕೊಂಡು ನಮ್ಮ ಹಿಂದೆಯೇ ಬರತೊಡಗಿದರು. ಒಂದೊಂದು ಕಲ್ಲಿನ ಬಳಿಯೂ ನಿಂತು, ಹುಡುಗಾಟಿಕೆಯ ಹೆಮ್ಮೆಯಲ್ಲಿ "ಇದು ನನ್ನ ಕೆಲಸ", "ಇದು ನನ್ನದಲ್ಲ, ಯಾವನೋ ಕಲಿಯದೋನು ಕಿತ್ತಿದ್ದು" ಎಂದು ತೋರಿಸುತ್ತಿದ್ದರು. ಕೋರ್ಟಿನ ಮೆಟ್ಟಿಲಲ್ಲಿ ಮುದಿಯಾಗುತ್ತಿದ್ದ ಎಷ್ಟೋ ಜಗಳಗಳು ತಂದೆ ಮಗಳ ಆ ತಿರುಗಾಟದಲ್ಲೇ ಬಗೆಹರಿದವು. ಕಣ್ಣು ಮುಚ್ಚುವ ಮುನ್ನ ಅವರು ಮಗಳ ಸರಪಳಿಯನ್ನು ಒಮ್ಮೆ ಮುಟ್ಟಿ ನೋಡಲು ಕೇಳಿದರಂತೆ.

ಅಕ್ಕನವರ ಕೈಯಲ್ಲಿ ಪಳಗಿದವರು ಇಂದು ಇಲಾಖೆಯ ಉದ್ದಗಲಕ್ಕೂ ಇದ್ದೇವೆ. ಹುಟ್ಟಿದ ಮನೆ ಮನುಷ್ಯನನ್ನು ಬಿಡುವುದಿಲ್ಲವೆಂಬ ಹಿರಿಯರ ಮಾತನ್ನು ನಾನು ಅಲ್ಲಗಳೆಯಲಾರೆ. ಆ ಮನೆಯಿಂದ ತಂದದ್ದನ್ನು ಯಾವ ಗುಂಡಿಯಲ್ಲಿ ನೆಡಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆಯೆಂದು ಅವರನ್ನು ಕಂಡು ತಿಳಿದೆ.

ಈ ಗ್ರಂಥದ ಮೊದಲ ಪುಟದ ಭಾವಚಿತ್ರದ ಕೆಳಗೆ ಏನು ಬರೆಯೋಣವೆಂದು ಸಮಿತಿಯವರು ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಪದವಿಗಳನ್ನೂ ಪ್ರಶಸ್ತಿಗಳನ್ನೂ ಓದಿ ಹೇಳಿದೆವು. ಅಕ್ಕನವರು ಅವೆಲ್ಲವನ್ನೂ ಹೊಡೆದುಹಾಕಿಸಿ, "ನಡೆಗಲ್ಲಯ್ಯನ ಮಗಳು ಅಂತ ಹಾಕಿ, ಸಾಕು" ಎಂದರು. ನಾವು ಮುಖ ಮುಖ ನೋಡಿಕೊಂಡೆವು. "ಯಾಕ್ರಯ್ಯಾ, ಅಳತೆ ತಪ್ಪಾಯ್ತಾ?" ಎಂದು ನಕ್ಕರು.

ತಪ್ಪಿಲ್ಲ ಅಕ್ಕಾ, ಗೂಟ ಇದ್ದಿಲ ಮೇಲೆಯೇ ಬಿದ್ದಿದೆ. ನಿಮಗೆ ನೂರು ವರ್ಷ ತುಂಬಲಿ. ನಾಳೆಯೇ ಮೂರು ಹೊಲದವರು ನಿಮ್ಮ ಮನೆ ಬಾಗಿಲಿಗೆ ಬರುವವರಿದ್ದಾರೆಂದು ಬಲ್ಲೆ, ಚಪ್ಪಲಿ ಬಾಗಿಲಲ್ಲೇ ಇರಲಿ. ನೀವು ನೆಡಿಸಿದ ಕಲ್ಲುಗಳು ನೆಟ್ಟಲ್ಲೇ ನಿಂತಿರಲಿ, ನೀವು ಮಾತ್ರ ನಡೆಯುತ್ತಲೇ ಇರಿ.