ಐದನೇ ತಿಂಗಳಿಗೇ ಕಟ್ಟಿದ ಲಿಂಗ

ಕಮಲಾದೇವಿಯವರಿಗೆ ಸಿಟ್ಟು ಜಾಸ್ತಿ ಎಂದು ಇಟ್ಟಮಡುವಿನ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಬಿ.ಪಿ. ಇರಬೇಕು ಎಂದು ಆಡಿಕೊಳ್ಳುವವರೂ ಇದ್ದಾರೆ. ಸೀಮಂತದಲ್ಲಿ ಯಾರಾದರೂ "ಗಂಡು ಮಗು ಹೆರಮ್ಮ" ಎಂದು ಹರಸಿದರೆ ಆಯಿತು, "ಹೆಣ್ಣಾದ್ರೆ ಏನ್ಮಾಡ್ತೀರಿ, ಮೋರಿಗೆ ಹಾಕ್ತೀರಾ?" ಎಂದು ಅಲ್ಲೇ ತಿರುಗಿ ಬೀಳುತ್ತಾರೆ. ಈಚೆಗೆ ಅವರನ್ನು ಸೀಮಂತಕ್ಕೆ ಕರೆಯುವವರೇ ಕಡಿಮೆ. ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವಳು. ಕೆಳಗಿನ ಮನೆಯಲ್ಲಿ ನಡೆದದ್ದನ್ನು ಕಂಡ ಮೇಲೆ, ಅವರಿಗಿರುವ ಸಿಟ್ಟು ಸಾಲದು ಎನ್ನುತ್ತೇನೆ.

ಸೊಸೆ ಲಿಖಿತಾ ಐದು ತಿಂಗಳ ಬಸುರಿ. ಮೊದಲನೆಯವಳು ಅಂಜನಾ, ಶಾಲೆಗೆ ಹೋಗುವ ಚೂಟಿ ಹುಡುಗಿ. ಕದ್ದು ಸ್ಕ್ಯಾನ್ ಮಾಡುವ ಜಾಗವೊಂದನ್ನು ಮಗ ವಿಜಯಕುಮಾರ್ ಹುಡುಕಿ, ಹೆಂಡತಿಯನ್ನು ಕರೆದೊಯ್ದು, ಇದೂ ಹೆಣ್ಣೆಂದು ತಿಳಿದುಕೊಂಡು ಬಂದ. ಅವನಪ್ಪ ಶಾಂತವೀರಪ್ಪನವರದು ಬನಶಂಕರಿಯಲ್ಲಿ ಪಾತ್ರೆ ಅಂಗಡಿ. ದಿನಾ ಬೆಳಿಗ್ಗೆ ಹಣೆ ತುಂಬ ವಿಭೂತಿ, ತಪ್ಪದೆ ಲಿಂಗಪೂಜೆ. ಪೂಜೆ ಮುಗಿಸಿ ಕಾಫಿ ಕುಡಿಯುತ್ತ ಅವರು ಮಗನಿಗೆ ಹೇಳಿದ್ದು ಮೆಟ್ಟಿಲ ಮೇಲಿದ್ದ ನನ್ನ ಕಿವಿಗೂ ಬಿತ್ತು.

"ಸೋಮವಾರ ಬೇಡ ಕಣೋ, ಶಿವನ ವಾರ. ಬುಧವಾರ ತೆಗೆಸ್ಬಿಡೋಣ."

ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ! ನನ್ನ ಮೈ ಉರಿದುಹೋಯಿತು.

ಲಿಖಿತಾ ಅಡುಗೆಮನೆಯಲ್ಲಿ ಅತ್ತೆಯ ಕೈ ಹಿಡಿದು ಅತ್ತಳು. "ನಂಗೆ ಮಗು ಬೇಕು ಅತ್ತೆ. ನನ್ನ ಮಾತು ಯಾರೂ ಕೇಳ್ತಿಲ್ಲ."

ಅವರ ಜನರಲ್ಲಿ ಎಂಟನೇ ತಿಂಗಳಿಗೆ ಅಯ್ಯನವರು ಬಂದು ಹೊಟ್ಟೆಯೊಳಗಿನ ಕೂಸಿಗೆ ಲಿಂಗ ಕೊಡುತ್ತಾರೆ. ಹೆರಿಗೆಯ ತನಕ ತಾಯಿಯೇ ಅದನ್ನು ಕಟ್ಟಿಕೊಂಡಿರುತ್ತಾಳೆ. ಮಂಗಳವಾರ ಗಂಡಸರಿಬ್ಬರೂ ಹೊರಗೆ ಹೋದದ್ದೇ ತಡ, ಕಮಲಾದೇವಿ ಅಯ್ಯನವರನ್ನು ಕರೆಸಿದರು.

"ಇನ್ನೂ ಐದು ತಿಂಗಳಲ್ವಾ ತಾಯಿ?" ಎಂದರು ಅವರು.

"ಎಂಟರವರೆಗೆ ಈ ಮನೆಯವ್ರು ಬಿಡಲ್ಲ ಅಯ್ನೋರೆ. ಕಟ್ಟಿ."

ಮುದುಕರು ಲಿಖಿತಾಳ ಮುಖ ನೋಡಿದರು. ಅವಳು ಹೂಂ ಎಂದಳು. ಪಕ್ಕದಲ್ಲಿ ವಿಭೂತಿಯ ತಟ್ಟೆ ಹಿಡಿದು ನಿಂತಿದ್ದವಳು ನಾನೇ.

ಬುಧವಾರ ಬೆಳಿಗ್ಗೆ ವಿಜಯಕುಮಾರ್ ಕಾರನ್ನು ಗೇಟಿನ ಮುಂದೆ ತಂದು ನಿಲ್ಲಿಸಿದ. ಸೊಸೆಯ ಕೊರಳಲ್ಲಿ ಎರಡು ಲಿಂಗ ಕಂಡು ಶಾಂತವೀರಪ್ಪ ಹುಬ್ಬು ಗಂಟಿಕ್ಕಿದರು.

"ಇದೇನು ಎರಡು?"

"ಒಂದು ನಂದು ಮಾವ. ಒಂದು ಮಗೂದು."

"ಬಿಚ್ಚಿಡು ಅದನ್ನ."

ಕಮಲಾದೇವಿ ಕೆಂಡಾಮಂಡಲವಾದರು. "ನೀವೇ ಬಿಚ್ಚಿ ನೋಡೋಣ! ನಿಮ್ಮಪ್ಪ ಸತ್ತಾಗ ಬಿಚ್ಚಿದ್ರಾ? ಲಿಂಗದ ಜೊತೆನೇ ಮಣ್ಣು ಮಾಡ್ಲಿಲ್ವಾ? ಇದೂ ಲಿಂಗ ಕಟ್ಟಿರೋ ಜೀವ. ತೆಗೆಸಿ ಆಸ್ಪತ್ರೆ ಬಕೆಟ್ಟಿಗೆ ಹಾಕಿ ಬರೋ ಹಂಗಿಲ್ಲ. ಮನೆಗೆ ತರ್ಬೇಕು, ನೆಂಟರನ್ನ ಕರೀಬೇಕು, ರುದ್ರಭೂಮಿಗೆ ಹೊರ್ಬೇಕು. ಹೋಗೋ ವಿಜಯ, ಗುಂಡಿ ತೋಡು. ನಿನ್ನ ಮಗಳಿಗೆ ಇಷ್ಟುದ್ದ ಸಾಕು." ಎಂದವರು ತಮ್ಮ ಅಂಗೈಯನ್ನು ಅವನ ಮುಖದ ಮುಂದೆ ಹಿಡಿದರು.

ಅವನು ಆ ಕೈಯನ್ನು ನೋಡಿದ. "ನನ್ನ ಕೈಲಾಗಲ್ಲಪ್ಪ" ಎಂದು ಮೆಟ್ಟಿಲ ಮೇಲೆಯೇ ಕುಸಿದು ಕೂತ.

ಶಾಂತವೀರಪ್ಪ "ಅಂಗಡಿಗೆ ಹೊತ್ತಾಯ್ತು" ಎಂದು ಗೊಣಗುತ್ತ ಚಪ್ಪಲಿ ಮೆಟ್ಟಿದರು.

"ನಿಲ್ರೀ. ಇವನಿಗಿಂತ ಮುಂಚೆ ನನ್ನ ಹೊಟ್ಟೇಲೂ ಒಬ್ಳಿದ್ಲು. ನಿಮ್ಮಮ್ಮ ನನ್ನ ಎಳ್ಕೊಂಡೋಗಿ ತೆಗೆಸ್ದಾಗ ನೀವು ಬಾಗಿಲಲ್ಲೇ ನಿಂತಿದ್ರಿ. ಅವಳನ್ನ ಎಲ್ಲಿ ಹಾಕಿದ್ರು ಅಂತ ಒಂದ್ಸಲನಾದ್ರೂ ಕೇಳಿದ್ರಾ?"

ಅವರು ಕೇಳಿರಲಿಲ್ಲ.